ಎಂಟರಲ್ಲಿ ಮುಗಿಯುವ ಬಾವಲಿಗಳು

"ಐದು ಕೆಜಿ," ಎಂದ ಎಸ್‌ಐ. "ಕಮ್ಮಿ ಅಂದ್ರೂ ನಾಲ್ಕೂವರೆ."

"ಎತ್ತಿ ನೋಡಿ ಹೇಳು."

"ನಾನ್ಯಾಕೆ ಮುಟ್ಲಿ ಚಿಕ್ಕಮ್ಮ. ನೋಡಿದ್ರೇ ಗೊತ್ತಾಗಲ್ವಾ."

ಮ್ಯೂಸಿಯಂನ ಉದ್ದ ಮೇಜಿನ ಮೇಲೆ, ಹಳೆಯ ಪೇಪರಿನ ಹಾಸಿನಲ್ಲಿ ಬಾವಲಿ ಮಲಗಿತ್ತು. ಹಣ್ಣು ತಿನ್ನುವ ದೊಡ್ಡ ಜಾತಿ, ಬೆಳೆದ ಗಂಡು. ತಿಂಗಳ ಹಿಂದೆ ಕರೆಂಟ್ ತಂತಿಗೆ ಸಿಕ್ಕಿ ಸತ್ತದ್ದನ್ನು ಫ್ರೀಜರಿನಲ್ಲಿ ಇಟ್ಟಿದ್ದರು. ಬೆಳಿಗ್ಗೆಯೇ ಹೊರಗೆ ತೆಗೆದದ್ದರಿಂದ ಈಗ ಮೆತ್ತಗಾಗಿತ್ತು. ಎಸ್‌ಐನ ಚಿಕ್ಕಮ್ಮ ಎರಡೂ ರೆಕ್ಕೆ ಹಿಡಿದು ಅಗಲಿಸಿದಳು. ತುದಿಯಿಂದ ತುದಿಗೆ ನಾಲ್ಕಡಿ ಚಿಲ್ಲರೆ. ಮೇಜಿನ ಮೇಲಿದ್ದ ಗಾಜಿನ ಜಾಡಿಗಳನ್ನು ಸರಿಸಬೇಕಾಯಿತು.

ಅವಳು ರೆಕ್ಕೆ ಮಡಿಸಿ, ಬಾವಲಿಯ ಕಾಲಿಗೆ ದಾರ ಕಟ್ಟಿ, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ನೇತುಹಾಕಿದಳು. ಮುಳ್ಳು ಅಲ್ಲಾಡಿ ನಿಂತಿತು.

"ಎಂಟ್ನೂರ ಹತ್ತು ಗ್ರಾಂ."

"ಇಷ್ಟೇನಾ?"

"ರೆಕ್ಕೆ ಬರೀ ಚರ್ಮ ಕಣೋ. ಮೂಳೆ ಕಡ್ಡಿಯಷ್ಟು ದಪ್ಪ. ರಾತ್ರಿಯೆಲ್ಲ ಹಾರಬೇಕಲ್ಲ ಅದು. ನಿನ್ನ ಹಾಗೆ ಜೀಪಲ್ಲಿ ಕೂತು ಓಡಾಡಿದ್ರೆ ಐದು ಕೆಜಿ ಆಗ್ತಿತ್ತು."

ಆಕೆ ತೂಕ ಮತ್ತು ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಇಪ್ಪತ್ತೆರಡು ವರ್ಷ ಅಂಗಡಿಗಳ ತಕ್ಕಡಿ, ಬಂಕುಗಳ ಪಂಪು ಪರೀಕ್ಷಿಸಿ ಮುದ್ರೆ ಒತ್ತಿದವಳು. ವ್ಯಾಪಾರಿಗಳು ಬೆನ್ನ ಹಿಂದೆ ಅವಳಿಗೆ ಇಟ್ಟ ಹೆಸರು ತಕ್ಕಡಿ. ಅದು ಅವಳಿಗೂ ಗೊತ್ತಿತ್ತು. ಬೇಜಾರೇನೂ ಇರಲಿಲ್ಲ.

ಇದೇ ಜಾತಿಯ ಬಾವಲಿಗಳನ್ನು ಹೊಳೆದಂಡೆಯ ಎತ್ತರದ ಅಟ್ಟಣಿಗೆಯ ಮೇಲೆ ಕೂತು ಎಣಿಸುತ್ತಿದ್ದ ಮ್ಯೂಸಿಯಂನ ಮೇಷ್ಟ್ರು ಅಲ್ಲಿಂದ ಬಿದ್ದು ಸತ್ತು ಒಂಬತ್ತು ದಿನವಾಗಿತ್ತು. ಅಟ್ಟಣಿಗೆಯ ಸುತ್ತ ಆಸರೆಗೆ ಬಿಗಿದಿದ್ದ ಹಗ್ಗವನ್ನು ಯಾರೋ ಚಾಕುವಿನಿಂದ ಕುಯ್ದಿದ್ದರು. ಬಲೆ ಕಟ್ಟುವ ಕೆಲಸದವನು, ಸರಸರ ಮರ ಹತ್ತುತ್ತಾನೆಂದು ಎಲ್ಲರೂ ಅಳಿಲು ಎಂದು ಕರೆಯುತ್ತಿದ್ದವನು, ಲಾಕಪ್ಪಿನಲ್ಲಿದ್ದ.

ಕೋರ್ಟಿಗೆ ಹೋಗುವ ಸಾಮಾನುಗಳಲ್ಲಿ ಈ ಸ್ಪ್ರಿಂಗ್ ತಕ್ಕಡಿಯೂ ಒಂದು. ಅದು ಸರಿಯಾಗಿ ತೂಗುತ್ತದೆ ಎಂದು ಸರ್ಟಿಫಿಕೇಟ್ ಕೊಡುವುದಷ್ಟೇ ತಕ್ಕಡಿಯ ಕೆಲಸ. ಕೆಲಸ ಬೆಳಿಗ್ಗೆ ಹನ್ನೊಂದಕ್ಕೇ ಮುಗಿದಿತ್ತು. ಈಗ ಎರಡೂವರೆ. ಅವಳು ಇನ್ನೂ ಎದ್ದಿರಲಿಲ್ಲ.

ಬಾಗಿಲ ಹೊರಗೆ ಕಾರಿಡಾರಿನಲ್ಲಿ ಒಬ್ಬಳು ನೆಲ ಒರೆಸುತ್ತಿದ್ದಳು. ಮ್ಯೂಸಿಯಂನಲ್ಲಿ ಕಸ ಗುಡಿಸಿ ಒರೆಸುವವಳು, ಅಳಿಲಿನ ಅಕ್ಕ. ಅದೇ ಮೂರು ಮಾರು ಜಾಗವನ್ನು ಅರ್ಧ ಗಂಟೆಯಿಂದ ಒರೆಸುತ್ತಿದ್ದಳು.

"ಒಳಗೆ ಬಾರಮ್ಮ," ಎಂದಳು ತಕ್ಕಡಿ. "ಅವನು ಅವತ್ತು ಮನೆಗೆ ಎಷ್ಟೊತ್ತಿಗೆ ಬಂದ?"

"ಒಂಬತ್ತಕ್ಕೆ. ಪೊಲೀಸ್ರಿಗೂ ಅದೇ ಹೇಳಿದೀನಿ."

"ಅವನು ಆರಕ್ಕೇ ಬಂದೆ ಅಂತಾನೆ."

"ಬರ್ಲಿಲ್ಲ. ತಮ್ಮ ಅಂತ ಸುಳ್ಳು ಹೇಳಕ್ಕಾಗುತ್ತಾ. ಒಂಬತ್ತಕ್ಕೆ ಬಂದ, ಕೈಕಾಲು ತೊಳ್ಕೊಂಡ, ಉಂಡು ಮಲಗ್ದ." ಅವಳು ಬಟ್ಟೆ ಹಿಂಡಿದಳು. "ಅವನು ಮರ ಹತ್ತೋನು ಮೇಡಂ. ಎತ್ತರದಿಂದ ಬಿದ್ರೆ ಏನಾಗುತ್ತೆ ಅಂತ ನಮ್ಮೆಲ್ರಿಗಿಂತ ಚೆನ್ನಾಗಿ ಗೊತ್ತು ಅವನಿಗೆ. ನಾಳೆ ಜೈಲಿಗೆ ಹಾಕ್ತಾರಾ?"

"ನಾಳೆ ಹನ್ನೊಂದಕ್ಕೆ ಕೋರ್ಟು," ಎಂದ ಎಸ್‌ಐ.

ಅವಳು ಬಕೆಟ್ ಎತ್ತಿಕೊಂಡು ಹೋದಳು.

"ನೋಡಿದ್ಯಾ ಚಿಕ್ಕಮ್ಮ," ಎಂದ ಎಸ್‌ಐ. "ಸ್ವಂತ ಅಕ್ಕನೇ ಅವನ ಮಾತು ಸುಳ್ಳು ಅಂತಾಳೆ. ಆರಕ್ಕೆ ಹೋದೋನು ಒಂಬತ್ತರವರೆಗೆ ಎಲ್ಲಿದ್ದ? ಹಗ್ಗ ಕಟ್ಟಿದ್ದು ಅವನು, ಚಾಕು ಇಟ್ಕೊಂಡಿರೋನು ಅವನು, ಹಿಂದಿನ ದಿನ ಮೇಷ್ಟ್ರ ಹತ್ರ ಬೈಸ್ಕೊಂಡೋನೂ ಅವನು. ಇನ್ನೇನು ಬೇಕು?"

"ಉಳಿದೋರು ಏನಂತಾರೆ? ಓದು."

ಎಸ್‌ಐ ಫೈಲು ಬಿಚ್ಚಿದ. ಮುಖ್ಯವಾದ ಹೇಳಿಕೆ ಮೂರು.

ಮೇಷ್ಟ್ರ ಕೈಕೆಳಗಿನ ಸಂಶೋಧಕಿ: ಆರು ಗಂಟೆಗೆ ಅಳಿಲು ಬಲೆ ಏರಿಸಿ ಮನೆಗೆ ಹೋದ. ಮೇಷ್ಟ್ರು ಅಟ್ಟಣಿಗೆಗೆ ಹೋದರು. ನಾನೊಬ್ಬಳೇ ತೋಪಿನ ಶೆಡ್ಡಿನಲ್ಲಿ ಎಂಟೂವರೆವರೆಗೆ ಏಳು ಬಾವಲಿ ತೂಗಿ ಅಳೆದು ಬಿಟ್ಟೆ.

ಮೇಷ್ಟ್ರ ಹೆಂಡತಿ, ಹೊಲಿಗೆ ಕೆಲಸದವಳು: ಅವರು ಐದೂವರೆಗೆ ಹೊರಟರು. ನಾನೊಬ್ಬಳೇ ಮನೆಯಲ್ಲಿ ಹೊಲಿಯುತ್ತಿದ್ದೆ.

ಮಗಳು: ಊರಲ್ಲಿರಲಿಲ್ಲ. ಸುದ್ದಿ ಕೇಳಿ ಮರುದಿನ ಮಧ್ಯಾಹ್ನದ ರೈಲಿಗೆ ಬಂದೆ. ಅಪ್ಪನ ಜೊತೆ ಮಾತು ಬಿಟ್ಟು ಎರಡು ವರ್ಷವಾಗಿತ್ತು.

"ಬಿದ್ದದ್ದು ಯಾವಾಗ?"

"ಏಳೂವರೆ ಸೈರನ್ ಆದ ಕೂಡಲೇ ದೊಪ್ ಅಂತ ಸದ್ದಾಯ್ತು ಅಂತಾನೆ ಪಂಪ್‌ಹೌಸಿನೋನು. ತೆಂಗಿನಕಾಯಿ ಬಿತ್ತೇನೋ ಅನ್ಕೊಂಡನಂತೆ."

"ಅಲ್ಲಿ ತೆಂಗಿನ ಮರ ಇದ್ಯಾ?"

"ಇಲ್ಲ."

"ಸರಿ."

ತಕ್ಕಡಿ ಸಂಶೋಧಕಿಯ ನೋಟ್‌ಬುಕ್ಕನ್ನು ಎಳೆದುಕೊಂಡಳು. ಬಾವಲಿ ಸತ್ತಿರಲಿ ಬದುಕಿರಲಿ, ಅವಳಿಗೆ ಅದರಲ್ಲಿ ಆಸಕ್ತಿ ಇರಲಿಲ್ಲ. ತೂಕದ ಕಾಲಂ ಕಂಡರೆ ಮಾತ್ರ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತಿತ್ತು.

ಆ ದಿನದ ಪುಟ. ಆರೂ ನಲವತ್ತು, 743 ಗ್ರಾಂ. ಆರೂ ಐವತ್ತೈದು, 803. ಏಳೂ ಐದು, 643. ಏಳೂ ಇಪ್ಪತ್ತು, 873, ಗಂಡು, ತುಂಬ ಕಚ್ಚುತ್ತದೆ. ಆಮೇಲೆ ಏಳೂ ಐವತ್ತೈದು, 718. ಎಂಟೂ ಐದು, 838. ಎಂಟೂ ಇಪ್ಪತ್ತು, 768. ಪ್ರತಿಯೊಂದರ ಪಕ್ಕದಲ್ಲೂ ಮುಂಗೈ ಮೂಳೆಯ ಉದ್ದ, ಅರ್ಧ ಮಿಲಿಮೀಟರಿನವರೆಗೆ.

"ಮರಿ, ಈ ತಕ್ಕಡೀಲಿ ಗೆರೆ ಎಷ್ಟೆಷ್ಟಕ್ಕಿದೆ?"

"ಹತ್ತು ಗ್ರಾಂಗೊಂದು."

"ಬಾವಲೀನ ಬಟ್ಟೆ ಚೀಲದಲ್ಲಿ ಹಾಕಿ ತೂಗ್ತಾರೆ. ಆಗ ಲೆಕ್ಕ ಯಾವಾಗ್ಲೂ ಸೊನ್ನೇಲೇ ಮುಗಿಯುತ್ತೆ. ಏಳ್ನೂರ ತೊಂಬತ್ತು ಅನ್ಕೋ. ಚೀಲ ನಲವತ್ತೇಳು. ಕಳಿ."

"ಏಳ್ನೂರ ನಲವತ್ಮೂರು."

"ಎಂಟ್ನೂರ ಐವತ್ತಿದ್ರೆ?"

"ಎಂಟ್ನೂರ ಮೂರು."

"ಒಂಬೈನೂರ ಇಪ್ಪತ್ತಿದ್ರೆ?"

ಎಸ್‌ಐ ಬೆರಳು ಮಡಿಸಿದ. "ಎಂಟ್ನೂರ ಎಪ್ಪತ್ಮೂರು. ಯಾವಾಗ್ಲೂ ಮೂರೇ ಬರುತ್ತಲ್ಲ."

"ಚೀಲ ಒಂದೇ ಆದ್ರೆ ಮೂರೇ ಬರ್ಬೇಕು. ನಾನು ನೌಕರಿ ಪೂರ್ತಿ ಮಾಡಿದ್ದು ಇದನ್ನೇ. ಡಬ್ಬದ ತೂಕ, ಚೀಲದ ತೂಕ ಕಳೀತಾರಾ ಇಲ್ವಾ ನೋಡೋದು." ಅವಳು ಪುಟವನ್ನು ಅವನ ಕಡೆ ತಿರುಗಿಸಿದಳು. "ಮೊದಲ ನಾಲ್ಕು ಓದು. ಕೊನೇ ಅಂಕಿ ಮಾತ್ರ."

"ಮೂರು, ಮೂರು, ಮೂರು, ಮೂರು."

"ಆಮೇಲಿನ ಮೂರು?"

"ಎಂಟು, ಎಂಟು, ಎಂಟು." ಎಸ್‌ಐ ತಲೆ ಎತ್ತಿದ. "ಚೀಲ ಬದಲಾಗಿದೆ."

"ನಾಲ್ಕನೇ ಬಾವಲಿ ಆದ್ಮೇಲೆ. ಮಧ್ಯೆ ಮೂವತ್ತೈದು ನಿಮಿಷ ಏನೂ ತೂಗಿಲ್ಲ. ಸೈರನ್ ಆಗಿದ್ದು ಆ ಮಧ್ಯದಲ್ಲೇ."

ಕಪಾಟಿನಲ್ಲಿ ಮೇಷ್ಟ್ರ ಹಳೆಯ ನೋಟ್‌ಬುಕ್ಕುಗಳಿದ್ದವು. ಈ ವರ್ಷದ್ದು ತೆಗೆದಳು. ಅವರು ಸತ್ತ ವಾರದ ಪುಟಗಳಲ್ಲಿ ಎಲ್ಲವೂ ಎಂಟರಲ್ಲಿ ಮುಗಿಯುತ್ತಿದ್ದವು. 828, 958, 708. ಮೇಷ್ಟ್ರ ಬಾವಲಿಗಳು ಎಂಟರವು. ಸಂಶೋಧಕಿಯ ಬಾವಲಿಗಳು ಮೂರರವು.

ಶೆಡ್ಡಿನಲ್ಲಿ ಸಿಕ್ಕ ನೀಲಿ ಚೀಲ ಸೀಲು ಮಾಡಿದ ಕವರಿನಲ್ಲಿತ್ತು. ಪ್ಲಾಸ್ಟಿಕ್ಕಿನ ಮೂಲಕವೇ ನೋಡಿದಳು. ಅಂಚಿನ ಮೇಲೆ ಮಾರ್ಕರಿನಲ್ಲಿ ಬರೆದದ್ದು: 47. ತಳದಲ್ಲಿ ಹರಿದಿತ್ತು. ಹೊಲಿಗೆ ಹರಿದಿರಲಿಲ್ಲ, ಬಟ್ಟೆ ಹರಿದಿತ್ತು. ಹೊಲಿಗೆಯಂತೂ ಕಣ್ಣಿಗೆ ಕಾಣದಷ್ಟು ಸಣ್ಣ. ಅಭ್ಯಾಸಬಲದಿಂದ ಸ್ಕೇಲ್ ಇಟ್ಟು ಎಣಿಸಿದಳು. ಅಂಗುಲಕ್ಕೆ ಹದಿನಾಲ್ಕು.

"ಕರಿ ಅವಳನ್ನ."

ಸಂಶೋಧಕಿ ಪಕ್ಕದ ಕೋಣೆಯಿಂದ ಬಂದಳು. ಮೂವತ್ತರ ಒಳಗಿನವಳು. ಎಡ ಹೆಬ್ಬೆರಳಿನ ಮೇಲೆ ಹಳೆಯ ಕಚ್ಚಿನ ಕಲೆ. ನುಸಿಗುಳಿಗೆಯ ವಾಸನೆ ಅವಳ ಬಟ್ಟೆಗೇ ಹತ್ತಿಕೊಂಡಿತ್ತು. ಕೂರಲು ಹೇಳಿದರೂ ನಿಂತೇ ಇದ್ದಳು.

"ತಕ್ಕಡಿ ಸರಿ ಇದೆಯಾ ಮೇಡಂ?"

"ತಕ್ಕಡಿ ಸರಿ ಇದೆ. ತೂಗೋದು ಹೇಗೆ ಅಂತ ತೋರ್ಸಿ. ನಮ್ಮ ಎಸ್‌ಐಗೆ ತಿಳ್ಕೋಬೇಕಂತೆ."

ಎಸ್‌ಐ ತನಗೆ ಬೇಕೆಂದು ಗೊತ್ತೇ ಇರದವನಂತೆ ತಲೆಯಾಡಿಸಿದ.

ಸಂಶೋಧಕಿ ಚರ್ಮದ ದಪ್ಪ ಗ್ಲೌಸು ಹಾಕಿಕೊಂಡು ಸತ್ತ ಬಾವಲಿಯನ್ನು ಎತ್ತಿದಳು. ಎಡಗೈ ಕತ್ತಿನ ಹಿಂದೆ, ಬಲಗೈ ರೆಕ್ಕೆಗಳನ್ನು ಒತ್ತಿ. "ಬದುಕಿದ್ರೆ ಹೀಗೆ ಹಿಡ್ಕೋಬೇಕು. ಮೊದಲು ಚೀಲಕ್ಕೆ ಹಾಕಿ ತೂಗೋದು. ಆಮೇಲೆ ಹೊರಗೆ ತೆಗೆದು ಮುಂಗೈ ಅಳೆಯೋದು. ಈ ಮಣಿಗಂಟಿಂದ ಮೊಣಕೈವರೆಗೆ. ದೊಡ್ಡದಾದ್ರೆ ನೂರ ಎಪ್ಪತ್ತು ಮಿಲಿಮೀಟರ್ ಬರುತ್ತೆ. ತೂಕ ದಿನಾ ಬದಲಾಗುತ್ತೆ, ಹೊಟ್ಟೆ ತುಂಬಿದ್ರೆ ಒಂದು, ಖಾಲಿ ಇದ್ರೆ ಒಂದು. ಮುಂಗೈ ಬದಲಾಗಲ್ಲ."

"ಅಳೀರಿ."

"ಏನು?"

"ಮುಂಗೈ ಅಳೀರಿ. ಅಳೆದು ಬರೀರಿ."

ಸಂಶೋಧಕಿ ಮೇಜಿನ ಮೇಲಿದ್ದ ಅಳತೆಯ ಇಕ್ಕಳ ನೋಡಿದಳು. ಒಂದು ಕೈ ಬಾವಲಿಯ ಕತ್ತಿನ ಹಿಂದಿತ್ತು. ಇನ್ನೊಂದು ರೆಕ್ಕೆಯ ಮೇಲೆ.

"ಇದು ಸತ್ತಿದೆಯಲ್ಲ, ಕೆಳಗಿಟ್ಟು—"

"ಬದುಕಿದೆ ಅನ್ಕೊಳ್ಳಿ. ಎಂಟ್ನೂರ ಎಪ್ಪತ್ಮೂರು ಗ್ರಾಂ, ತುಂಬ ಕಚ್ಚುತ್ತೆ. ನೀವೇ ಬರೆದಿದ್ದೀರಿ."

ಸಂಶೋಧಕಿ ಬಾವಲಿಯನ್ನು ಎದೆಗೊತ್ತಿ ಒಂದು ಕೈ ಬಿಡಿಸಿಕೊಳ್ಳಲು ನೋಡಿದಳು.

"ಹಿಡ್ಕೊಳ್ಳೋಕೆ ಎರಡು ಕೈ ಬೇಕು. ಅಳೆಯೋಕೆ ಎರಡು ಕೈ ಬೇಕು. ನಿಮಗೆಷ್ಟಿವೆ?"

"ಅಭ್ಯಾಸ ಆದ್ರೆ ಒಬ್ರೇ ಮಾಡ್ಬೋದು ಮೇಡಂ."

"ಅರ್ಧ ಮಿಲಿಮೀಟರಿನವರೆಗೆ?"

"ಆಗುತ್ತೆ."

"ಆಯ್ತು. ಅವತ್ತು ಚೀಲ ಎಷ್ಟು ಬಳಸಿದ್ರಿ?"

"ಒಂದೇ. ನೀಲಿದು."

"ಶುರುವಿಂದ ಕೊನೇವರೆಗೆ?"

"ಹೌದು."

"ಹರಿದದ್ದು ಯಾವಾಗ?"

"ಕೊನೇಲಿ. ಕೊನೇ ಬಾವಲಿ ಹರಿದು ಹಾಕ್ತು."

ತಕ್ಕಡಿ ನೋಟ್‌ಬುಕ್ಕನ್ನು ಅವಳ ಮುಂದೆ ಸರಿಸಿ ಕೊನೆಯ ಅಂಕಿಗಳ ಕೆಳಗೆ ಪೆನ್ಸಿಲಿನಿಂದ ಒಂದೊಂದೇ ಚುಕ್ಕೆ ಇಟ್ಟಳು. ನಾಲ್ಕು ಮೂರು. ಮೂರು ಎಂಟು.

ಸಂಶೋಧಕಿ ಓದಿದವಳು. ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬಾವಲಿಯನ್ನು ಪೇಪರಿನ ಮೇಲೆ ಇಟ್ಟಳು. ಗ್ಲೌಸು ತೆಗೆದಳು.

"ನಾನೇ ಇದನ್ನ ಗಮನಿಸಿರ್ಲಿಲ್ಲ," ಎಂದಳು. "ನಾಲ್ಕು ವರ್ಷದಿಂದ ಕಳೀತಾ ಇದೀನಿ."

"ಕಳೆಯೋರು ಗಮನಿಸಲ್ಲ. ಆ ಚೀಲ ಎಲ್ಲಿದೆ?"

ಸಂಶೋಧಕಿ ಗೋಡೆಯ ಪಕ್ಕದ ಕಪಾಟಿಗೆ ಹೋಗಿ ಬಾವಲಿ ತಲೆಬುರುಡೆಗಳ ಡ್ರಾಯರು ಎಳೆದಳು. ಹತ್ತಿಯ ಮೇಲೆ ಸಾಲಾಗಿ ಜೋಡಿಸಿದ್ದ ಪುಟ್ಟ ಬುರುಡೆಗಳ ಹಿಂದೆ ಕೈ ಹಾಕಿ ಮಡಿಸಿದ ಬಿಳಿ ಚೀಲ ತೆಗೆದು ಮೇಜಿನ ಮೇಲಿಟ್ಟಳು.

ಎಸ್‌ಐ ಎದ್ದು ನಿಂತ. "ಎಂಟು ದಿನ ಈ ಕಪಾಟನ್ನ ನಾವೇ ಹುಡುಕಿದ್ವಿ."

"ಬುರುಡೆ ಇದ್ದ ಡ್ರಾಯರ್ ನಿಮ್ಮೋರು ಅರ್ಧ ಎಳೆದು ಮುಚ್ಚಿದ್ರು ಸರ್."

ಚೀಲದ ಅಂಚಿನಲ್ಲಿ ಮೂರು ಸಂಖ್ಯೆಗಳು. 64 ಹೊಡೆದು ಹಾಕಿತ್ತು. 63 ಹೊಡೆದು ಹಾಕಿತ್ತು. ಕೊನೆಯದು 62, ಪಕ್ಕದಲ್ಲಿ ಮೇಷ್ಟ್ರು ಸತ್ತ ವಾರದ ಸೋಮವಾರದ ತಾರೀಖು.

"ಬಾವಲಿ ಉಚ್ಚೆ ಹೊಯ್ಯುತ್ತೆ ಮೇಡಂ. ಅದಕ್ಕೆ ಪ್ರತಿ ಸೋಮವಾರ ಚೀಲ ಒಗೆದು ಒಣಗಿಸಿ ಇಲ್ಲಿನ ಎಲೆಕ್ಟ್ರಾನಿಕ್ ತಕ್ಕಡೀಲಿ ತೂಗಿ ಅಂಚಿಗೆ ಬರೀತೀವಿ. ಒಗೆದಷ್ಟೂ ತೆಳ್ಳಗಾಗುತ್ತೆ. ಮೇಷ್ಟ್ರು ಮಾಡಿದ ನಿಯಮ."

"ಈಗ ಹೇಳಿ. ಹಿಡ್ಕೊಂಡಿದ್ದೋರು ಯಾರು?"

"ಅಳಿಲು."

ಎಸ್‌ಐ ಪೆನ್ನಿನ ಮುಚ್ಚಳ ತೆಗೆದ.

"ಅವನು ಆರಕ್ಕೆ ಹೋಗ್ಲಿಲ್ಲ. ಎಂಟೂವರೆವರೆಗೆ ನನ್ನ ಜೊತೇನೇ ಇದ್ದ. ಅವನು ಹಿಡ್ಕೊಳ್ತಾನೆ, ನಾನು ಅಳೀತೀನಿ. ಯಾವಾಗ್ಲೂ ಹಾಗೇ. ನಾಲ್ಕನೇದು ನೀಲಿ ಚೀಲ ಹರಿದು ಹಾಕ್ತು. ಬೇರೆ ಚೀಲ ಇರ್ಲಿಲ್ಲ. ಬಲೇಲಿ ಇನ್ನೂ ಮೂರು ಒದ್ದಾಡ್ತಿದ್ವು. ಮೇಷ್ಟ್ರ ಚೀಲದ ಬಾಯಿ ಬಿಟ್ಕೊಂಡಿತ್ತು, ಹೊಲಿಯೋಕೆ ಮನೇಲಿ ಕೊಟ್ಟಿದೀನಿ ಅಂತ ಮಧ್ಯಾಹ್ನ ಅಂದಿದ್ರು. ಹೋಗಿ ಇಸ್ಕೊಂಡು ಬಾ ಅಂತ ಅಳಿಲನ್ನ ಕಳಿಸ್ದೆ."

"ಎಷ್ಟೊತ್ತಿಗೆ?"

"ಏಳೂ ಇಪ್ಪತ್ತೆರಡಿರ್ಬೋದು. ಐವತ್ತಕ್ಕೆ ಚೀಲ ತಂದ."

"ಮತ್ತೆ ಆರಕ್ಕೇ ಹೋದ ಅಂತ ಯಾಕೆ ಹೇಳಿದ್ರಿ?"

"ಬೆಳಿಗ್ಗೆ ಮೇಷ್ಟ್ರು ಸಿಕ್ಕಿದಾಗ ಹಗ್ಗ ಕುಯ್ದಿರೋದು ನೋಡ್ದೆ. ಹಗ್ಗ ಕಟ್ಟಿದ್ದು ಅವನು. ಏಳೂವರೆಗೆ ಸದ್ದಾಯ್ತು ಅಂತ ಪಂಪ್‌ಹೌಸಿನೋನು ಹೇಳ್ತಿದ್ದ. ಆ ಅರ್ಧ ಗಂಟೆ ಅವನು ನನ್ನ ಕಣ್ಮುಂದೆ ಇರ್ಲಿಲ್ಲ. ಅದು ಗೊತ್ತಾದ್ರೆ ಅವನನ್ನ ಬಿಡ್ತಾರಾ? ಅದಕ್ಕೆ ಅವನು ಅಲ್ಲಿ ಇರ್ಲೇ ಇಲ್ಲ ಅಂತ ಹೇಳ್ಬಿಟ್ರೆ... ಅವನಿಗೂ ಹಾಗೇ ಹೇಳು ಅಂತ ನಾನೇ ಹೇಳಿಕೊಟ್ಟೆ."

"ಅರ್ಧ ಗಂಟೆ ಮುಚ್ಚೋಕೆ ಎರಡು ಗಂಟೆ ಸಾಕ್ಷಿ ಎಸೆದ್ರಿ."

"ಅವನು ಮನೇಲಿರ್ತಾನೆ ಅನ್ಕೊಂಡಿದ್ದೆ. ಅವನಕ್ಕ ಹೌದು ಅಂತಾಳೆ ಅನ್ಕೊಂಡಿದ್ದೆ."

"ಅವಳು ನಿಮಗಿಂತ ವಾಸಿ," ಎಂದಳು ತಕ್ಕಡಿ.

ಸಂಶೋಧಕಿ ಈಗ ಕೂತಳು.

ಎಸ್‌ಐ ಬರೆಯುವುದನ್ನು ನಿಲ್ಲಿಸಿ ಚಿಕ್ಕಮ್ಮನ ಕಡೆ ಬಾಗಿದ. "ಇದ್ರಿಂದ ಅವನಿಗೇನು ಲಾಭ? ಅರ್ಧ ಗಂಟೆ ಹಾಗೇ ಇದೆ."

"ಶೆಡ್ಡಿಂದ ಮೇಷ್ಟ್ರ ಮನೆ ಯಾವ ಕಡೆ?"

"ರಸ್ತೆ ಕಡೆ. ನಡೆದ್ರೆ ಹನ್ನೆರಡು ನಿಮಿಷ."

"ಅಟ್ಟಣಿಗೆ?"

"ಅದು ಹಿಂದುಗಡೆ, ಹೊಳೆ ಕಡೆ. ಹತ್ತು ನಿಮಿಷ." ಎಸ್‌ಐ ತಡೆದ. "ಎರಡೂ ಕಡೆ ಹೋಗಿಬರೋಕೆ ಟೈಮಿಲ್ಲ."

"ಇಲ್ಲ. ಹೋಗಿ ಬರೋಕೆ ಇಪ್ಪತ್ನಾಲ್ಕು, ಬಾಗಿಲಲ್ಲಿ ನಿಂತು ಚೀಲ ಇಸ್ಕೊಳ್ಳೋಕೆ ನಾಲ್ಕು. ಇಪ್ಪತ್ತೆಂಟಾಯ್ತು. ಅವನು ಆ ಮನೆಗೆ ಹೋಗಿದ್ರೆ, ಅಟ್ಟಣಿಗೆಗೆ ಹೋಗಿಲ್ಲ. ಒಬ್ಬರ ಒಂದು ಮಾತು ಸಾಕು."

"ಮೇಷ್ಟ್ರ ಹೆಂಡತಿ."

"ಮೇಷ್ಟ್ರ ಸಾಮಾನು ವಾಪಸ್ ಕೊಡ್ಬೇಕಲ್ಲ ನೀನು. ಅವರಿಗೆ ಮೂರಕ್ಕೆ ಬನ್ನಿ ಅಂದಿದ್ದೆ ಅಲ್ವಾ?"

ಮೇಷ್ಟ್ರ ಹೆಂಡತಿ ಮೂರೂ ಇಪ್ಪತ್ತಕ್ಕೆ ಬಂದಳು. ಕೆಲಸದಿಂದ ನೇರ ಎದ್ದು ಬಂದವಳಂತೆ ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಅತ್ತ ಮುಖವೂ ಅಲ್ಲ, ನಿದ್ದೆಗೆಟ್ಟ ಮುಖವೂ ಅಲ್ಲ. ಆರ್ಡರ್ ಕೊಟ್ಟ ಬಟ್ಟೆ ಇನ್ನೂ ಆಗಿಲ್ಲ ಎಂದು ಹೇಳಲು ಬಂದವಳ ಮುಖ.

"ಬೇಗ ಕೊಡಿ ಸಾಹೇಬ್ರೆ. ಮೂರೂ ಐವತ್ತಕ್ಕೆ ಮಗಳ ರೈಲಿದೆ. ಅವಳನ್ನ ಹತ್ತಿಸಿ ಬರ್ಬೇಕು."

ಎಸ್‌ಐ ಕನ್ನಡಕ, ಕೊಡೆ, ದುರ್ಬೀನು ಒಂದೊಂದಾಗಿ ಇಟ್ಟು ಸಹಿ ಹಾಕಿಸಿಕೊಂಡ. ಮುರಿದ ಕನ್ನಡಕವನ್ನು ಅವಳು ತನ್ನ ಬ್ಯಾಗಿಗೆ ಹಾಕಿಕೊಳ್ಳುವವರೆಗೆ ತಕ್ಕಡಿ ಕಾದಳು.

"ಅಕ್ಕ, ಒಂದೇ ಮಾತು. ಅವತ್ತು ಸಂಜೆ ಈ ಬಿಳಿ ಚೀಲ ಇಸ್ಕೊಂಡು ಹೋಗೋಕೆ ನಿಮ್ಮನೆಗೆ ಯಾರಾದ್ರೂ ಬಂದಿದ್ರಾ?"

ಮೇಷ್ಟ್ರ ಹೆಂಡತಿ ಮೇಜಿನ ಮೇಲಿನ ಚೀಲ ನೋಡಿದಳು. ಆಮೇಲೆ ಸಂಶೋಧಕಿಯನ್ನು ನೋಡಿದಳು.

"ಇಲ್ಲ."

"ಅಳಿಲು ಬರ್ಲಿಲ್ವಾ?"

"ಯಾರೂ ಬರ್ಲಿಲ್ಲ. ಚೀಲ ಮನೇಲಿದ್ರೆ ತಾನೆ ಬರೋಕೆ. ಅದನ್ನ ಅವರು ಜೇಬಲ್ಲಿ ಇಟ್ಕೊಂಡೇ ಹೋದ್ರು. ಇನ್ನೊಬ್ಬರ ಕೈಗೆ ಕೊಡ್ತಿರ್ಲಿಲ್ಲ ಅದನ್ನ."

ಸಂಶೋಧಕಿ ಅರ್ಧ ಎದ್ದಳು. "ಅಮ್ಮ, ನಾನೇ ಕಳಿಸಿದ್ದು ಅವನನ್ನ. ನಿಮ್ಮನೆಯಿಂದಾನೇ ತಂದಿದ್ದು."

"ನೀನು ಜೊತೇಲಿ ಬಂದಿದ್ಯಾ?"

"ಇಲ್ಲ."

"ಮತ್ತೆ ನಮ್ಮನೆಯಿಂದಾನೇ ತಂದ ಅಂತ ಹೇಗೆ ಹೇಳ್ತೀಯ?"

ಸಂಶೋಧಕಿ ಕೂತಳು.

ಲೆಕ್ಕ ಸರಳವಾಗಿತ್ತು. ಚೀಲ ಮೇಷ್ಟ್ರ ಜೇಬಿನಲ್ಲಿತ್ತು. ಮೇಷ್ಟ್ರು ಅಟ್ಟಣಿಗೆಯ ಮೇಲಿದ್ದರು. ಏಳೂ ಐವತ್ತಕ್ಕೆ ಚೀಲ ಅಳಿಲಿನ ಕೈಯಲ್ಲಿತ್ತು. ಆರಕ್ಕೇ ಮನೆಗೆ ಹೋದೆ ಎಂದು ಸುಳ್ಳು ಹೇಳಿದ್ದರಿಂದಲೂ ಅಳಿಲಿಗೆ ಇಷ್ಟು ಕೆಡುಕಾಗಿರಲಿಲ್ಲ. ಈಗ ತಕ್ಕಡಿ ತಾನೇ ಕೂತು, ಮೂರು ಎಂಟು ಹುಡುಕಿ, ಅವನನ್ನು ಸತ್ತವನ ಜೇಬಿನವರೆಗೆ ತಂದು ನಿಲ್ಲಿಸಿದ್ದಳು.

ಕಾರಿಡಾರಿನಲ್ಲಿ ಬಕೆಟ್ ಇಟ್ಟ ಸದ್ದಾಯಿತು.

"ಬರ್ಕೊಳ್ಲಾ ಚಿಕ್ಕಮ್ಮ?" ಎಸ್‌ಐನ ದನಿ ತಗ್ಗಿತ್ತು.

"ಬರ್ಕೋ. ಹೇಳಿದ್ದನ್ನ ಹೇಳಿದ ಹಾಗೇ ಬರ್ಕೋ."

ಅವನು ಬರೆದ. ಮೇಷ್ಟ್ರ ಹೆಂಡತಿ ಓದಿ ನೋಡಿ ಸಹಿ ಹಾಕಿದಳು. ಅಕ್ಷರ ದುಂಡಗಿತ್ತು.

ತಕ್ಕಡಿ ಬಿಳಿ ಚೀಲ ಎತ್ತಿಕೊಂಡಳು. ಅವಳಿಗೆ ಆಗ ಬೇರೆ ಯಾವ ಯೋಚನೆಯೂ ಇರಲಿಲ್ಲ. ಸಾಕ್ಷಿಯಾಗಿ ಕೋರ್ಟಿಗೆ ಹೋಗುವ ವಸ್ತುವನ್ನು ತೂಗಿಯೇ ಕಳಿಸುವುದು ಅವಳ ರೂಢಿ. ಮೂಲೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಚೀಲವಿಟ್ಟಳು. ಕೆಂಪು ಅಂಕಿಗಳು ಓಡಿ ನಿಂತವು.

66.

ತೆಗೆದಳು. ಸೊನ್ನೆ ಮಾಡಿದಳು. ಮತ್ತೆ ಇಟ್ಟಳು.

66.

"ಇದು ಒದ್ದೆ ಇದೆಯಾ?"

"ಒಂಬತ್ತು ದಿನ ಆಯ್ತಲ್ಲ ಮೇಡಂ," ಎಂದಳು ಸಂಶೋಧಕಿ. "ಒಣಗಿದೆ."

"ಸೋಮವಾರ ಅರವತ್ತೆರಡು. ಒಗೆದ್ರೆ ಕಮ್ಮಿ ಆಗುತ್ತೆ ಅಂದ್ರಿ. ನಾಲ್ಕು ಗ್ರಾಂ ಜಾಸ್ತಿ ಎಲ್ಲಿಂದ ಬಂತು?"

ತಕ್ಕಡಿ ಚೀಲದ ಬಾಯಿಯನ್ನು ಒಳಮೈ ಹೊರಗಾಗುವಂತೆ ಮಗುಚಿದಳು. ದಾರ ಎಳೆಯುವ ಮಡಿಕೆಯ ಒಳಗೆ, ಹೊರಗಿನಿಂದ ಕಾಣದ ಹಾಗೆ, ಹಸಿರು ಬಟ್ಟೆಯ ಪಟ್ಟಿಯೊಂದನ್ನು ಸುತ್ತಲೂ ಕೂಡಿಸಿ ಹೊಲಿದಿದ್ದರು. ಕೈಹೊಲಿಗೆ. ಬಿಟ್ಟುಕೊಂಡಿದ್ದ ಬಾಯಿ ಈಗ ಗಟ್ಟಿಯಾಗಿತ್ತು. ಪಟ್ಟಿ ಹೊಸದು.

"ಸೋಮವಾರ ಇದು ಇರ್ಲಿಲ್ಲ," ಎಂದಳು ಸಂಶೋಧಕಿ ಮೆಲ್ಲಗೆ. "ತೂಗಿದ್ದು ನಾನೇ."

"ಅಂದ್ರೆ ಸೋಮವಾರ ಆದ್ಮೇಲೆ, ಅವತ್ತು ಸಂಜೆ ಅಳಿಲು ಚೀಲ ತರೋಕೆ ಮುಂಚೆ ಹೊಲಿದದ್ದು." ತಕ್ಕಡಿ ಚೀಲವನ್ನು ಮೇಷ್ಟ್ರ ಹೆಂಡತಿಯ ಮುಂದಿಟ್ಟಳು. "ಬಾಯಿ ಬಿಟ್ಕೊಂಡಿರೋ ಚೀಲಾನ ಅವರು ಜೇಬಲ್ಲಿ ಇಟ್ಕೊಂಡು ಹೋದ್ರೆ ಇದನ್ನ ಹೊಲಿದೋರು ಯಾರು? ಹೊಲಿಗೆ ಕೆಲಸ ನಡೆಯೋದು ನಿಮ್ಮನೇಲಿ. ನೀವೇ ಹೊಲಿದು ಕೊಟ್ಟು ಮರೆತ್ರಾ ಅಕ್ಕ?"

ಅದುವರೆಗೆ ನಿರಾಳವಾಗಿ ಕೂತಿದ್ದ ಮೇಷ್ಟ್ರ ಹೆಂಡತಿ ಚೀಲ ಎತ್ತಿಕೊಂಡಳು. ಹೆಬ್ಬೆರಳಿನಿಂದ ಹಸಿರು ಪಟ್ಟಿಯನ್ನು ಸವರಿದಳು. ಗಂಡನ ಮುರಿದ ಕನ್ನಡಕ ನೋಡಿದಾಗ ಬದಲಾಗದ ಮುಖ ಈಗ ಬದಲಾಯಿತು.

"ಇದು ನನ್ನ ಹೊಲಿಗೇನಾ? ಮೂವತ್ತು ವರ್ಷದಿಂದ ಹೊಲೀತಿದೀನಿ. ಇಷ್ಟು ದೂರದೂರ ಯಾರಾದ್ರೂ ಹಾಕ್ತಾರಾ? ನೋಡಿ ಇಲ್ಲಿ. ಅಂಗುಲಕ್ಕೆ ಆರೂ ಇಲ್ಲ, ಅದೂ ಅಂಕುಡೊಂಕು. ಪಕ್ಕದಲ್ಲಿ ಕೂರಿಸ್ಕೊಂಡು ಎಷ್ಟು ವರ್ಷ ಹೇಳಿಕೊಟ್ರೂ ಅವಳಿಗೆ ಕೈ—"

ಮಾತು ಅಲ್ಲಿಗೇ ನಿಂತಿತು.

ಎಸ್‌ಐನ ಪೆನ್ನೂ ನಿಂತಿತು. ಫೈಲಿನ ಮೇಲಿನ ಹಾಳೆಯೇ ಮಗಳ ಹೇಳಿಕೆ. ಊರಲ್ಲಿರಲಿಲ್ಲ. ಮರುದಿನ ಮಧ್ಯಾಹ್ನದ ರೈಲಿಗೆ ಬಂದೆ.

"ಯಾರಿಗೆ ಅಕ್ಕ?" ಎಂದಳು ತಕ್ಕಡಿ.

ಮೇಷ್ಟ್ರ ಹೆಂಡತಿ ಚೀಲ ಕೆಳಗಿಟ್ಟಳು. ಕೊರಳಿನ ಟೇಪು ತೆಗೆದು ಎರಡು ಬೆರಳಿಗೆ ಬಿಗಿಯಾಗಿ ಸುತ್ತತೊಡಗಿದಳು. ಟೇಪು ಪೂರ್ತಿ ಮುಗಿಯುವವರೆಗೆ ಸುತ್ತಿದಳು.

ತಕ್ಕಡಿ ಗೋಡೆಯ ಗಡಿಯಾರ ನೋಡಿದಳು. ಮೂರೂ ನಲವತ್ತೊಂದು.

"ಮರಿ," ಎಂದಳು. "ಸ್ಟೇಷನ್ನಿಗೆ ಜೀಪಲ್ಲಿ ಎಷ್ಟೊತ್ತು?"

"ಹನ್ನೆರಡು ನಿಮಿಷ," ಎಂದ ಎಸ್‌ಐ, ಆಗಲೇ ಬಾಗಿಲಲ್ಲಿದ್ದ.